ದೊಡ್ಡಹಬ್ಬಕ್ಕೆ ಕಾಯಬೇಡ, ಅಪ್ಪಯ್ಯ

ಶಿರಸಿ
೫ ಅಕ್ಟೋಬರ್ ೨೦೦೪

ನನ್ನ ಮುದ್ದಿನ ಅಪ್ಪಯ್ಯ,

‘ತೀರ್ಥರೂಪ’ ಎಂದು ಶುರು ಮಾಡಬೇಕಂತೆ. ಕಾನ್ವೆಂಟಿನಲ್ಲಿ ಕಲಿಸಲಿಲ್ಲ, ಮುದ್ದಿನಲ್ಲೇ ಸುಧಾರಿಸಿಕೋ. ನಾನಿಲ್ಲಿ ಎಷ್ಟು ಖುಷಿಯಾಗಿದ್ದೇನೆಂದು ಹೇಳಲು ನನಗೇ ನಾಚಿಕೆ! ಇವರು (ಶಶಾಂಕ ಎನ್ನಲು ಇನ್ನೂ ನಗು ಬರುತ್ತದೆ) ವಕೀಲರ ಆಫೀಸಿನಿಂದ ಬರುವಾಗ ದಿನವೂ ಮಲ್ಲಿಗೆ ತರುತ್ತಾರೆ. ತಲೆನೋವು ಬಂದರೂ ಮುಡಿಯುತ್ತೇನೆ.

ಮೊನ್ನೆ ಇವರ ಚಿಕ್ಕಪ್ಪ, ಯಲ್ಲಾಪುರದ ರಘುಪತಿ ಚಿಕ್ಕಮಾವ, ಹೊಸ ಜೋಡಿಯೆಂದು ನಮ್ಮನ್ನು ಊಟಕ್ಕೆ ಕರೆದಿದ್ದರು. ಬಸ್‌ಸ್ಟ್ಯಾಂಡಿನಿಂದ ನಮ್ಮನ್ನು ಕರೆದೊಯ್ಯಲು ಬಂದದ್ದು ನೀನು ಅವರಿಗೆ ಮಾರಿದ ನಮ್ಮ ಬಿಳಿ ಮಾರುತಿ! ನನ್ನ ಕೈ ತಾನಾಗಿ ಎಡಬಾಗಿಲನ್ನು ಮೇಲಕ್ಕೆತ್ತಿ ಎಳೆಯಿತು. ಸಿದ್ದಾಪುರದ ಶಾಲೆಗೆ ನೀನು ಬಿಡುತ್ತಿದ್ದ ಬೆಳಗುಗಳೆಲ್ಲ ಆ ಸೀಟಿನಲ್ಲೇ ಕೂತಿದ್ದವು.

ಊಟಕ್ಕೆ ಕೂತಾಗ ಚಿಕ್ಕಮಾವ ನಗುತ್ತ, “ಚೆಕ್ಕು ವಾಪಸು ಬಂದ್ರೂ ನಿನ್ನ ಅಪ್ಪಯ್ಯ ಸುದ್ದಿ ಎತ್ತಿದ್ನಿಲ್ಲೆ, ಕೂಸೆ. ಭಾರೀ ಸಜ್ಜನ!” ಎಂದರು. ಯಾವ ಚೆಕ್ಕೆಂದೇ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಮದುವೆಯ ಅಡಿಗೆಯವರಿಗೆ ಕೊಡಲೆಂದು ನೀನು ಕಾರು ಮಾರಿದ್ದು, ಚಿಕ್ಕಮಾವ ಕೊಟ್ಟ ಚೆಕ್ಕನ್ನು ಚೌತಿ ಮುಗಿದ ಮೇಲೆ ಬ್ಯಾಂಕು ಹಿಂದಿರುಗಿಸಿದ್ದು, ಆ ಹಣಕ್ಕಾಗಿ ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿರುವುದು, ಎಲ್ಲ ಹೇಳಿದಳು. “ಹೊಸ ಅಳಿಯ ದೊಡ್ಡಹಬ್ಬಕ್ಕೆ ಬಂದು ಹೋಗ್ಲಿ, ಆಮೇಲೆ ಕೇಳನ ಹೇಳಿದ್ದ ನಿನ್ನ ಅಪ್ಪಯ್ಯ. ಬೀಗರ ಮನೆಯವ್ಕೆ ಈಗಲೇ ಎಂತಕೆ ನೋಟೀಸು?”

ಅಪ್ಪಯ್ಯ, ಕಾನೂನು ದೀಪಾವಳಿಗೆ ಕಾಯುವುದಿಲ್ಲ. ಚೆಕ್ಕು ವಾಪಸಾದದ್ದು ತಿಳಿದ ಮೂವತ್ತು ದಿನದೊಳಗೆ ನೋಟೀಸು ಕಳಿಸಬೇಕು. ಅದು ಮುಟ್ಟಿ ಹದಿನೈದು ದಿನದಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ಕೊಡಬಹುದು. ವಸೂಲಿ ದಾವೆಯ ದಾರಿಯೂ ಇದೆ, ಅದು ನಿಧಾನ. ಕಾರಿನ ಆರ್‌ಸಿ ಇನ್ನೂ ನಿನ್ನ ಹೆಸರಲ್ಲಿದೆ, ವರ್ಗಾವಣೆ ಕಾಗದಕ್ಕೆ ಮಾತ್ರ ಸೈ ಹಾಕಬೇಡ. ಇದೆಲ್ಲ ಇವರು ರಾತ್ರಿ ಊಟ ಬಿಟ್ಟು ಹೇಳಿಕೊಟ್ಟದ್ದು. ಸ್ವಂತ ಚಿಕ್ಕಪ್ಪನ ಮೇಲೆ!

ನನಗೆ ಭಯವಿದ್ದದ್ದು ಅತ್ತೆಯದು. ಅವರು ಮಜ್ಜಿಗೆ ಕಡೆಯುತ್ತ ಎಲ್ಲ ಕೇಳಿಸಿಕೊಂಡು, “ಯನ್ನ ಮೈದುನ ಆದ್ರೆ ಎಂತಾತು? ಕೊಡವು ಅಂದ್ರೆ ಕೊಡವು. ಅಂವ ಸಿಟ್ಟು ಮಾಡಿ ಹಬ್ಬಕ್ಕೆ ಬರದಿದ್ರೆ ಹೋಳಿಗೆ ನಂಗಕ್ಕೇ ಉಳಿತು” ಎಂದರು. ನಾನು ಹೋಗಿ ಅವರನ್ನು ತಬ್ಬಿಕೊಂಡೆ, ಸೀರೆಯೆಲ್ಲ ಮಜ್ಜಿಗೆ!

ನನ್ನ ಸಂಸಾರ ಕೆಟ್ಟೀತೆಂದು ನೀನು ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ಅದು ಕೆಡುವಂಥ ಮನೆಗೆ ನೀನು ನನ್ನನ್ನು ಕೊಟ್ಟಿಲ್ಲ. ಭಾನುವಾರ ನಾವಿಬ್ಬರೂ ಬರುತ್ತೇವೆ, ನೋಟೀಸಿನ ಕಾಗದ ತಂದಿರುತ್ತೇವೆ. ನೀನು ಪೆನ್ನು ತೆಗೆದಿಟ್ಟಿರು. ಆ ಎಡಬಾಗಿಲು ಎತ್ತಿ ಎಳೆಯಬೇಕೆಂದು ನಮ್ಮ ಮನೆಯಲ್ಲಿ ಮೂವರಿಗೆ ಗೊತ್ತಿತ್ತು. ಮೊನ್ನೆ ಅಳಿಯನಿಗೂ ಕಲಿಸಿದ್ದೇನೆ.

ನಿನ್ನ ಕಾಲಿಗೆ ಬಿದ್ದು, ಅಮ್ಮನ ಕೈಗೆ ಬಳೆ ಬೇಗ ಬರಲೆಂದು ಹಾರೈಸುವ,
ನಿನ್ನ ಕೂಸು
ಮಧುರಾ