ಮಸಿಯನ್ನು ಕಳಿಸುತ್ತಿದ್ದೇನೆ

ಶನಿವಾರ, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕಂಬಿ ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದೀಯಂತೆ, ನಿನ್ನ ಭಾವ ಬಂದು ಹೇಳಿದರು. ಕೇಳಿ ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತುಬಿಟ್ಟೆ. ಎಷ್ಟೋ ವಾರದಿಂದ ನಾನು ಆಸ್ಪತ್ರೆ ಕಡೆ ತಲೆ ಹಾಕಿಲ್ಲ. ನೆಗಡಿ ಅಂತ ಹೇಳಿ ಕಳಿಸಿದೆ, ಆಮೇಲೆ ಕನ್ನಡಕದಂಗಡಿಯಲ್ಲಿ ಕೆಲಸ ಜಾಸ್ತಿ ಅಂದೆ. ನೆಗಡಿ ಬೇಗ ವಾಸಿಯಾಗಿತ್ತು. ಕೆಲಸ ಯಾವಾಗಲೂ ಇರುವಷ್ಟೇ ಇತ್ತು. ನಿನಗೆ ಮುಖ ತೋರಿಸಲು ಆಗದೆ ಬರಲಿಲ್ಲ, ಅಷ್ಟೆ. ಬೈದುಕೋ, ಆದರೆ ಪೂರ್ತಿ ಓದು.

ನೀನು ಕಟ್ಟಡದ ಕೆಲಸದಲ್ಲಿ ಸಾರುವೆಯಿಂದ ಬಿದ್ದ ಮಾರನೆಯ ದಿನ ನಿನ್ನ ಕೋಣೆಯಿಂದ ಮಸಿಯನ್ನು ನಮ್ಮನೆಗೆ ಕರೆತಂದೆವಲ್ಲ, ಆಮೇಲೆ ಆದದ್ದನ್ನೆಲ್ಲ ನಿನಗೆ ಹೇಳಿಲ್ಲ. ಮಲಗಿದವನ ಮನಸ್ಸು ಯಾಕೆ ಕೆಡಿಸುವುದು ಅಂತ ಕೇಳಿದಾಗಲೆಲ್ಲ 'ಚೆನ್ನಾಗಿದೆ' ಅನ್ನುತ್ತಿದ್ದೆ. ಚೆನ್ನಾಗಿರಲಿಲ್ಲ. ಬಂದದ್ದೇ ಭಾವನ ಕೆಲಸದ ಮೇಜಿನ ಕೆಳಗೆ, ರಿಪೇರಿಗೆ ಬಂದ ಹೊಲಿಗೆ ಯಂತ್ರಗಳ ಸಂದಿಯಲ್ಲಿ ಸೇರಿಕೊಂಡಿತು. ಆ ಕತ್ತಲಲ್ಲಿ ಎರಡು ಕಣ್ಣು ಬಿಟ್ಟರೆ ಅಲ್ಲಿ ನಾಯಿ ಇದೆ ಅಂತಲೇ ತಿಳಿಯುತ್ತಿರಲಿಲ್ಲ. ಇಟ್ಟ ಅನ್ನ ಇಟ್ಟ ಹಾಗೇ ಒಣಗುತ್ತಿತ್ತು. ನನಗೋ ಅವಸರ. ಕೊರಳಪಟ್ಟಿ ಹಿಡಿದು ಎಳೆದೆ, ಅದು ಬಿಡಿಸಲು ಬಂದ ಭಾವನ ಕೈಗೆ ಬಾಯಿ ಹಾಕಿತು. ಮೆಷಿನ್ ಸೂಜಿ ಚುಚ್ಚಿತು ಅಂತ ಅವರು ನಿನಗೆ ಹೇಳಿದ್ದ ಗಾಯ ಅದೇ. ಜೊತೆಗೆ ತಂದಿದ್ದ ನಿನ್ನ ಹಳೇ ಕಂಬಳಿ ನಾರುತ್ತಿದೆ ಅಂತ ಸೋಪು ಹಾಕಿ ಒಗೆದೆ. ಒಣಗಿದ ಮೇಲೆ ಹಾಸಿದರೆ ಅದನ್ನು ಮೂಸಿ ನೋಡಿ, ತಲೆ ಆಚೆ ತಿರುಗಿಸಿ ನೆಲದ ಮೇಲೆ ಮಲಗಿತು. ನಿನ್ನ ವಾಸನೆ ಉಳಿದಿದ್ದದ್ದು ಅದೊಂದರಲ್ಲೇ ಅಂತ ಪ್ರಾಣಿ ಡಾಕ್ಟರಮ್ಮ ಹೇಳುವವರೆಗೆ ನನಗೆ ಹೊಳೆಯಲೇ ಇಲ್ಲ.

ಆಕೆ ಹೇಳಿದ್ದು ಇಷ್ಟೆ. ಯಾರೂ ಅದನ್ನು ಹಿಡಿಯಲು ಹೋಗಬೇಡಿ, ದಿಟ್ಟಿಸಬೇಡಿ, ತಲೆ ಮೇಲೆ ಕೈ ತರಬೇಡಿ. ಪಕ್ಕಕ್ಕೆ ತಿರುಗಿ ಕೂತು ನಿಮ್ಮ ಪಾಡಿಗೆ ನೀವಿರಿ, ಅದಾಗಿಯೇ ಬರಲಿ. ನೀನೂ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿದೆ, ನೆನಪಿದೆಯಾ?

"ನಿನಗೊಬ್ಬಳಿಗೇ ಅಂಟಿಸ್ಕೋಬೇಡ ಅಕ್ಕ. ನಾನು ಆ ತಪ್ಪು ಮಾಡಿದೆ. ಅದಕ್ಕೆ ನಾಲ್ಕು ಜನ ಬೇಕು."

ಹಾಗೇ ಮಾಡಿದೆವು. ಭಾವ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಾ ಅದರ ಜೊತೆ ಮಾತಾಡಿಕೊಳ್ಳುತ್ತಾರಲ್ಲ, 'ಏನಮ್ಮಾ ನಿನ್ನ ಗೋಳು' ಅಂತ. ಆ ಗೊಣಗಾಟ ಮಸಿಗೆ ಹಿಡಿಸಿತೋ ಏನೋ, ಒಂದು ಮಧ್ಯಾಹ್ನ ಅವರ ಪಾದದ ಮೇಲೆ ಗದ್ದ ಇಟ್ಟು ಮಲಗಿತ್ತು. ಕಾಲು ಜೋಮು ಹಿಡಿದರೂ ಭಾವ ಅಲ್ಲಾಡಲಿಲ್ಲ. ಊಟಕ್ಕೆ ಕರೆದರೆ ತುಟಿ ಮೇಲೆ ಬೆರಳಿಟ್ಟು ನನ್ನನ್ನೇ ಗದರಿಸಿದರು. ಮಹಡಿ ಮನೆಯ ಲೆಕ್ಕದ ಮೇಷ್ಟರು ನಮ್ಮ ಜೊತೆ ವಾಕಿಂಗ್ ಬರತೊಡಗಿದರು. ಮೊದಮೊದಲು ನಾನು ನಡುವೆ, ಆಮೇಲೆ ಅವರು ನಡುವೆ, ಕೊನೆಗೆ ನಾನು ತಿರುವಿನಲ್ಲೇ ನಿಂತುಬಿಡುತ್ತಿದ್ದೆ. ಈಗ ಮೇಷ್ಟರು ಮೆಟ್ಟಿಲು ಇಳಿಯುವ ಸದ್ದಾದರೆ ಸಾಕು, ಬಾಗಿಲಿಗೆ ಓಡುತ್ತದೆ. ನಾನು ಕನ್ನಡಕದ ಗಾಜು ಉಜ್ಜಿ ದಣಿದು ಮನೆಗೆ ಬಂದರೆ ಇಡೀ ಮೈ ಕುಣಿಸಿಕೊಂಡು ಎದುರು ಬರುತ್ತದೆ. ಈ ವಯಸ್ಸಿಗೆ ಹಾಗೆ ಯಾರಾದರೂ ನನ್ನ ದಾರಿ ಕಾಯುತ್ತಾರೆ ಅಂದುಕೊಂಡಿರಲಿಲ್ಲ.

ಆಮೇಲೆ ಆಸ್ಪತ್ರೆಯ ತೋಟಕ್ಕೆ ಕರೆತಂದ ಆ ದಿನ. ಗಾಲಿಕುರ್ಚಿಯಲ್ಲಿ ನೀನು ಗಡ್ಡ ಬೋಳಿಸಿಕೊಂಡು, ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಕೂತಿದ್ದೆ. ಮಸಿ ಗಾಲಿಯನ್ನು ಮೂಸಿತು, ಹಿಂದೆ ಸರಿದು ನನ್ನ ಕಾಲ ಹತ್ತಿರ ಕೂತಿತು. ನೀನು ಕೈ ಚಾಚಿ ಕರೆದೆ. ಬರಲಿಲ್ಲ. ಇನ್ನೊಮ್ಮೆ ಕರೆದೆ. ಆಗಲೂ ಬರಲಿಲ್ಲ. ನೀನು ನಕ್ಕು, "ಒಳ್ಳೇ ಕೆಲಸ ಮಾಡಿದೀಯ ಅಕ್ಕ, ಇನ್ನು ನನಗೆ ಯೋಚನೆ ಇಲ್ಲ" ಅಂದೆ. ನನಗೆ ತುಂಬಾ ಬೇಜಾರಾಯಿತು. ಅವತ್ತೇ ಕೊನೆ, ಮತ್ತೆ ನಾನು ಆಸ್ಪತ್ರೆಗೆ ಬರಲಿಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದೆ. ಮರೆತಿಲ್ಲ ಅಂದರು. ಔಷಧಿಯ ವಾಸನೆ, ಗಾಲಿಗಳು, ಕೂತ ಎತ್ತರ, ಎಲ್ಲ ಬೇರೆಯಾಗಿದೆ. ನಮಗೆ ಹೇಗೆ ಒಗ್ಗಿಕೊಂಡಿತೋ ಹಾಗೇ ನಿನಗೂ ಹೊಸದಾಗಿ ಒಗ್ಗಿಕೊಳ್ಳಲಿ, ಅವಸರ ಮಾಡಬೇಡಿ ಅಂದರು. ಅದಕ್ಕೇ ಇವತ್ತು ಭಾವನ ಜೊತೆ ಮಸಿಯನ್ನು ಕಳಿಸುತ್ತಿದ್ದೇನೆ. ನಾನು ಬರುವುದಿಲ್ಲ. ನಾನಿದ್ದರೆ ಅದು ನನ್ನ ಕಡೆಗೇ ನೋಡುತ್ತದೆ. ನೀನು ಕರೆಯಲೂ ಬೇಡ, ಪಕ್ಕಕ್ಕೆ ತಿರುಗಿ ಭಾವನ ಜೊತೆ ಹರಟೆ ಹೊಡೆ. ತಿಂಡಿ ನಿನ್ನ ಪಾದದ ಹತ್ತಿರ ಬೀಳಿಸು. ನೀನು ಹೊದೆಯುವ ಟವೆಲ್ಲೊಂದನ್ನು ಒಗೆಯದೆ ಕೊಟ್ಟು ಕಳಿಸು. ಅದು ಮಲಗುವ ಕಡೆ ಹಾಸುತ್ತೇನೆ, ಸೋಪು ಮುಟ್ಟಿಸುವುದಿಲ್ಲ. ವಾರವಾರವೂ ಹೀಗೇ ಕಳಿಸುತ್ತೇನೆ. ನೀನು ಮನೆಗೆ ಬರುವ ಹೊತ್ತಿಗೆ ಅದಕ್ಕೆ ನೀನೂ ಇರಬೇಕು, ನಾವೂ ಇರಬೇಕು.

ಭಾವ ಹೊರಟು ನಿಂತಿದ್ದಾರೆ. ನಿನ್ನ ಬೆನ್ನಿಗೆ ಬಲ ಬರಲಿ, ರಾತ್ರಿ ಕಣ್ತುಂಬ ನಿದ್ದೆ ಬರಲಿ. ಎಲ್ಲ ಒಳ್ಳೆಯದಾಗುತ್ತದೆ, ನನ್ನ ಕಂದಾ.

ಇತಿ,
ನಿನ್ನ ಅಕ್ಕ

ತಾ.ಕ.: ತೋಟದಲ್ಲಿ ನನಗೆ ಬೇಜಾರಾಯಿತು ಅಂತ ಬರೆದೆ. ಅದು ಸುಳ್ಳು. ಮಸಿ ನನ್ನ ಕಾಲ ಹತ್ತಿರ ಕೂತಾಗ ನನಗೆ ಸಂತೋಷವಾಯಿತು. ನಾವಿಬ್ಬರೂ ಎದುರಿಗಿದ್ದಾಗ ನಿನ್ನನ್ನು ಬಿಟ್ಟು ನನ್ನ ಹತ್ತಿರ ಬಂದವರು ಅದುವರೆಗೆ ಯಾರೂ ಇರಲಿಲ್ಲ, ಅಮ್ಮ ಕೂಡ. ನೀನು ಎರಡನೇ ಸಲ ಕರೆದಾಗ ಅದು ಎದ್ದಿತ್ತು ತಮ್ಮಾ, ನಿನ್ನ ಕಡೆ ಹೊರಟಿತ್ತು. ಹಗ್ಗವನ್ನು ಗಿಡ್ಡ ಮಾಡಿ ಹಿಡಿದಿದ್ದವಳು ನಾನು.