ಐದು ಲೋಟ, ಒಂದು ಮೂಗು

ಜೂನ್ 8, ಭಾನುವಾರ, ಸಂಜೆ

ಬಾಟಲಿ ತೊಳೆದಿಟ್ಟೆ. ಹೋಗುವಾಗ ಹನ್ನೆರಡು, ಬರುವಾಗ ಹನ್ನೊಂದು. ಪ್ರತಿ ಸಲ ಇದೇ ಕಥೆ.

ಶಾಲೆ ಶಾಲೆಗೆ ಹೋಗಿ ಕೆಮಿಸ್ಟ್ರಿ ತೋರಿಸೋ ನಮ್ಮ ಭಾನುವಾರದ ಗುಂಪಿನ ಸೆಕ್ರೆಟರಿಗೆ ಫೋನಲ್ಲಿ ಸರಿಯಾಗಿ ಬೈದೆ. ನಿವೃತ್ತ ಮೇಷ್ಟ್ರು ಅಂತ ಮುಲಾಜು ನೋಡಲಿಲ್ಲ. "ಸೇತುವೆ ಆಚೆ ಹೆಣ್ಣುಮಕ್ಕಳ ಶಾಲೆ, ಮಾಮೂಲಿ ಷೋ ಸಾಕು" ಅಂದಿದ್ದರು. ಕಣ್ಣು ಕಾಣದ ಮಕ್ಕಳ ಶಾಲೆ ಅಂತ ಒಂದು ಮಾತು ಹೇಳಬಾರದಾ? ನನ್ನ ಮಾಮೂಲಿ ಷೋ ಅಂದರೆ ಬಣ್ಣ. ನೇರಳೆ ಕೋಸಿನ ನೀರಿಗೆ ನಿಂಬೆರಸ ಬಿದ್ದರೆ ಕೆಂಪು, ಸೋಡಾ ಬಿದ್ದರೆ ಹಸಿರು. ಬ್ಯಾಗಲ್ಲಿ ಬೇರೇನೂ ಇಲ್ಲ. ಇಪ್ಪತ್ತೆರಡು ಹುಡುಗಿಯರು ಬೆಂಚಲ್ಲಿ ಸಾಲಾಗಿ ಕೂತು ಕಾಯ್ತಿದ್ದಾರೆ. ಕೈಕಾಲೇ ಆಡಲಿಲ್ಲ. ಬಾಯಿ ಮಾತ್ರ ಅಭ್ಯಾಸಬಲದಿಂದ — "ನೋಡಿ ನೋಡಿ, ಕೆಂಪಾಯ್ತು!"

ಪಾಪ, ಚಪ್ಪಾಳೆ ತಟ್ಟಿದರು. ನನ್ನ ಮರ್ಯಾದೆ ಉಳಿಸಕ್ಕೆ. ಭೂಮಿ ಬಾಯಿಬಿಡಬಾರದಾ ಅನಿಸಿತು.

ಕೊನೆ ಬೆಂಚಲ್ಲೊಬ್ಬಳು, ಹದಿನೈದು ಇರಬಹುದು. "ಮಿಸ್, ಕೆಂಪು ನನಗೆ ನೆನಪಿದೆ. ಯಾಕೆ ಕೆಂಪಾಯ್ತು, ಅದನ್ನ ಹೇಳಿ." ಹೇಳಿದೆ. "ಅದು ಯಾಕೆ?" ಅದನ್ನೂ ಹೇಳಿದೆ. "ಅದು ಯಾಕೆ?" ನಲವತ್ತು ನಿಮಿಷ ತಲೆ ತಿಂದಳು. ಶಾಲೆಯಲ್ಲಿ ಅವಳ ಹೆಸರೇ ಯಾಕಮ್ಮ ಅಂತೆ.

ಮತ್ತೆ ಬರ್ತೀನಿ ಅಂತ ಮಾತು ಕೊಟ್ಟು ಬಂದಿದೀನಿ. ಏನು ಹಿಡ್ಕೊಂಡು ಹೋಗಲಿ?

ಜೂನ್ 9, ಸೋಮವಾರ

ಇವರ ಹತ್ತಿರ ಹೇಳ್ಕೊಂಡೆ. ಪೇಪರಿಂದ ತಲೆ ಎತ್ತದೆ, "ಕಣ್ಣಿಗೆ ಬೇಡ, ಮೂಗಿಗೆ ತೋರಿಸು. ಅದಕ್ಕೆ ನಿನ್ನ ಬಿಟ್ಟರೆ ಇನ್ಯಾರು?" ಅಂದರು. ಮುಖಕ್ಕೆ ಹೊಡೆದ ಹಾಗಾಯ್ತು.

ಇಪ್ಪತ್ತಾರು ವರ್ಷ ಸೋಪ್ ಫ್ಯಾಕ್ಟರಿ ಲ್ಯಾಬಲ್ಲಿದ್ದೆ. ಒಂದೊಂದು ಬ್ಯಾಚೂ ನನ್ನ ಮೂಗು ದಾಟಿಯೇ ಹೊರಗೆ ಹೋಗಿದ್ದು. ಹೋದ ವರ್ಷ ಆ ಹಾಳು ಜ್ವರ ಬಂತು, ಹೋಗುವಾಗ ಮೂಗನ್ನೂ ಹೊತ್ಕೊಂಡು ಹೋಯ್ತು. ಡಾಕ್ಟರು "ವಾಪಸ್ ಬರಬಹುದು, ಬರದೇನೂ ಇರಬಹುದು" ಅಂದರು. ಅಷ್ಟು ಹೇಳಕ್ಕೆ ಡಾಕ್ಟರೇ ಬೇಕಾ? ಮಂಡಿನೋವು ಅಂತ ಬರೆದುಕೊಟ್ಟು ಕೆಲಸ ಬಿಟ್ಟೆ. ಇವರಿಗೂ ಹೇಳಿಲ್ಲ. ಯಾಕೆ? ನಾಚಿಕೆ. ವಾಸನೆ ಗೊತ್ತಾಗದ ನಾನು ಯಾರು ಅಂತ ನನಗೇ ಗೊತ್ತಿಲ್ಲ, ಇವರಿಗೆ ಏನಂತ ಹೇಳಲಿ...

ಇವರದು ಇತ್ತೀಚೆಗೊಂದು ಹೊಸ ಚಾಳಿ. ನಾನು ಹಾಲು ಕಾಯಕ್ಕಿಟ್ಟರೆ ಸಾಕು, ಪೇಪರ್ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ಹಾಜರ್. ದಾರಿಗೆ ಅಡ್ಡ. ರಿಟೈರಾದ ಗಂಡಸರಿಗೆ ಮನೇಲಿ ಬೇರೆ ಜಾಗವೇ ಇಲ್ಲವಾ?

ಜೂನ್ 22, ಭಾನುವಾರ

ಎಂಥಾ ದಿನ! ಕಾಲು ನೆಲದ ಮೇಲಿಲ್ಲ.

ಸಿಟ್ರಿಕ್ ಆಸಿಡ್ ನೀರಿಗೆ ಸೋಡಾ ಹಾಕಿ ಲೋಟ ಕೈಗೆ ಕೊಟ್ಟೆ. ಲೋಟ ತಣ್ಣಗಾಗ್ತಾ ಹೋಯ್ತು. "ಅಯ್ಯೋ, ಇದಕ್ಕೆ ಚಳಿ!" ಅಂತ ಒಂದು ಚಿಕ್ಕದು ಕಿರುಚಿತು. ಎಲ್ಲರೂ ಲೋಟಕ್ಕೆ ಕಿವಿ ಇಟ್ಟರು — ಬುಸ್ಸ್. ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಅಂಗೈ ಮೇಲೆ ಹಾಕಿದೆ, ಗಟ್ಟಿಯಾಗ್ತಾ ಬಿಸಿಯಾಯ್ತು. ಕೊನೆಗೆ ವೆನಿಲ್ಲಾ ಎಸೆನ್ಸ್. ವಾಷಿಂಗ್ ಸೋಡಾ ನೀರಲ್ಲಿ ಅದರ ವಾಸನೆ ಅಡಗತ್ತೆ, ಆಸಿಡ್ ಹಾಕಿದರೆ ವಾಪಸ್ ಬರತ್ತೆ. ನಾನು ಪುಸ್ತಕ ನಂಬಿ ಮಾಡಿದ್ದು. ಬಂದಿದ್ದು ಅವರ ಮುಖದಲ್ಲಿ ಗೊತ್ತಾಯ್ತು. ಇಪ್ಪತ್ತೆರಡು ಮುಖ ಒಟ್ಟಿಗೆ ಅರಳಿದವು. ಖುಷಿಯಾಯ್ತು. ಹೊಟ್ಟೆಯೂ ಉರೀತು, ಸುಳ್ಳು ಯಾಕೆ.

ಹೆಡ್‌ಮಿಸ್ ಆಫೀಸಿಗೆ ಕರೆದರು. ಮಕ್ಕಳು ದೊಡ್ಡ ಮೇಡಂ ಅಂತಾರೆ. ಯಾಕಮ್ಮ ಮುಂದೆ ವಿಜ್ಞಾನವೇ ಓದಬೇಕು ಅಂತ ಹಟ ಹಿಡಿದಿದಾಳಂತೆ. "ಆಟ ಬೇರೆ, ಲ್ಯಾಬ್ ಬೇರೆ. ಇಲ್ಲೀವರೆಗೆ ಯಾರೂ ತಗೊಂಡಿಲ್ಲ. ಎಲ್ಲರೂ ಸಂಗೀತವೇ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದರೆ ಅವಳಮ್ಮನಿಗೆ ಯಾರು ಉತ್ತರ ಹೇಳೋದು?"

ನಾನು ಸುಮ್ಮನಿರೋಳಾ? ಜಗಳಕ್ಕೇ ನಿಂತೆ. ಕೊನೆಗೆ ಒಪ್ಪಂದ: ಜುಲೈ 20ಕ್ಕೆ ಶಾಲೆ ಕಮಿಟಿಯವರ ಮುಂದೆ ಐದು ಲೋಟ. ಯಾವುದರಲ್ಲಿ ಏನಿದೆ ಅಂತ ಯಾರ ಸಹಾಯವೂ ಇಲ್ಲದೆ ಹೇಳಿದರೆ ವಿಜ್ಞಾನದ ಫಾರ್ಮಿಗೆ ಸಹಿ. ಇಲ್ಲದಿದ್ದರೆ ಸಂಗೀತ.

ಜುಲೈ 6, ಭಾನುವಾರ

ಪ್ರಾಕ್ಟೀಸಿಗೆ ನಾನೂ ಯಾಕಮ್ಮನೂ ಇಬ್ಬರೇ. ಲೋಟ ಎತ್ತಿ ಮೂಸಿದಳು. ಮತ್ತೆ ಮೂಸಿದಳು. "ಮಿಸ್, ಇದಕ್ಕೆ ವೆನಿಲ್ಲಾ ಹಾಕಿಲ್ಲ."

"ಹಾಕಿದೀನಿ ಕಣಮ್ಮ. ಘಮ್ ಅಂತಿದೆ, ಸರಿಯಾಗಿ ನೋಡು."

"ಬಾಟಲಿ ಕೊಡಿ." ಕೊಟ್ಟೆ. ಮುಚ್ಚಳ ತೆಗೆದು ಮೂಸಿದಳು. ನನ್ನ ಕೈಗೇ ವಾಪಸ್ ಕೊಟ್ಟಳು. ಲೇಬಲ್ ನೋಡಿದೆ — ಗ್ಲಿಸರಿನ್. ಎರಡೂ ಒಂದೇ ಥರದ ಕಂದು ಬಾಟಲಿ, ಅವಸರದಲ್ಲಿ ಇದನ್ನ ಎತ್ಕೊಂಡು ಬಂದಿದೀನಿ. ಅದಕ್ಕೆ ಘಮ್ ಅಂತಿದೆ ಅಂತ ಬೇರೆ ಹೇಳಿದೀನಿ!

"ನಿಮಗೆ ವಾಸನೆ ಬರಲ್ಲ, ಅಲ್ವಾ ಮಿಸ್?"

ಬಾಟಲಿಗೆ ಮುಚ್ಚಳ ಹಾಕಿದೆ, ಮತ್ತೆ ತೆಗೆದೆ.

"ನನಗೆ ಒಂಬತ್ತನೇ ವರ್ಷದಲ್ಲಿ ಕಣ್ಣು ಮಂಜಾಗಕ್ಕೆ ಶುರುವಾಯ್ತು. ಅಮ್ಮ ಕೇಳಿದಾಗೆಲ್ಲ ಕಾಣತ್ತೆ, ಕಾಣತ್ತೆ ಅಂತಿದ್ದೆ. ಅಳ್ತಾಳೆ ಅಂತ. ಒಂದು ವರ್ಷ ಹಾಗೇ ತಳ್ಳಿದೆ. ತುಂಬಾ ಸುಸ್ತಾಗತ್ತೆ ಮಿಸ್, ಹಾಗೆ ಇರೋದು."

ಅತ್ತುಬಿಟ್ಟೆ. ಅರವತ್ತಕ್ಕೆ ಹತ್ತಿರದ ಹೆಂಗಸು, ಲ್ಯಾಬ್ ಕೋಟ್ ಹಾಕ್ಕೊಂಡು, ಮಗು ಥರ. ಅವಳು ತಡಕಿ ನನ್ನ ಕೈ ಹಿಡ್ಕೊಂಡಳು. ಸ್ವಲ್ಪ ಹೊತ್ತು ಕೇಳಿಸ್ಕೊಂಡು, "ಸೋರೋ ಕೆಲಸಕ್ಕಾದ್ರೂ ಬರ್ತಿದೆಯಲ್ಲ ಮೂಗು" ಅಂದಳು. ಅಳ್ತಾ ನಗು ಬಂತು. ಕಿಲಾಡಿ!

ಹೊರಡುವಾಗ: "ನಾನು ಯಾರಿಗೂ ಹೇಳಲ್ಲ. ಆದ್ರೆ ಮನೇಲಿ ನೀವೇ ಹೇಳಿ."

ಜುಲೈ 9

ಹೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು. ಇವರು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. "ಏನು?" ಅಂದರು. "ದಾರಿ ಬಿಡಿ" ಅಂದೆ.

ಜುಲೈ 20, ಭಾನುವಾರ, ಸಂಜೆ 5

ನಿಧಾನವಾಗಿ ಬರೀಬೇಕು. ಒಂದೂ ಬಿಟ್ಟುಹೋಗಬಾರದು.

ಇವರೇ ಬ್ಯಾಗ್ ಹೊತ್ಕೊಂಡು ಬಂದಿದ್ದರು. ಮುಂದಿನ ಸಾಲಲ್ಲಿ ಕಮಿಟಿಯ ಮೂರು ಜನ, ಹಿಂದೆ ಹಾಲ್ ತುಂಬ ಹುಡುಗಿಯರು. ಐದು ಲೋಟವನ್ನೂ ದೊಡ್ಡ ಮೇಡಂ ಬಾಗಿಲು ಹಾಕ್ಕೊಂಡು ತಾವೇ ತಯಾರು ಮಾಡಿದರು. ನನ್ನನ್ನ ಹತ್ತಿರ ಬಿಡಲಿಲ್ಲ.

ನಾನು ಹೇಳಿಕೊಟ್ಟಿದ್ದು ಇಷ್ಟೇ: ಐದರಲ್ಲೂ ವೆನಿಲ್ಲಾ ಇರತ್ತೆ, ವಾಸನೆ ಅಡಗಿದ್ದರೆ ವಾಷಿಂಗ್ ಸೋಡಾ, ಹಾಗೇ ಇದ್ದರೆ ಆಸಿಡ್. ಯಾಕಮ್ಮ ಮೂಸಿ ಮೂಸಿ ಎರಡು ಲೋಟ ಎಡಕ್ಕಿಟ್ಟಳು. "ಇವು ಸೋಡಾ." ಸರಿ. ಉಳಿದ ಮೂರರಲ್ಲಿ ವಾಸನೆ ಇದೆ ಅಂದಳು. ಆಸಿಡ್ ಅನ್ನಬೇಕು, ಮುಗೀತು. ಅನ್ನಲಿಲ್ಲ. ನಿಂತಳು.

ನಾನು ದೊಡ್ಡ ಮೇಡಂ ಮುಖ ನೋಡಿದೆ. ತುಟಿ ಬಿಗಿದು ನಗು ತಡೀತಿದ್ದಾರೆ. ಆಗ ಹೊಳೀತು — ಬರೀ ನೀರು! ಬರೀ ನೀರಲ್ಲೂ ವೆನಿಲ್ಲಾ ವಾಸನೆ ಹಾಗೇ ಇರತ್ತೆ. ಅದನ್ನ ನಾನು ಹೇಳಿಕೊಟ್ಟೇ ಇಲ್ಲ. ಮುಗೀತು, ನನ್ನ ದಡ್ಡತನಕ್ಕೆ ಈ ಮಗು ಬಲಿಯಾಯ್ತು ಅಂದ್ಕೊಂಡೆ.

"ವಾಸನೆ ಇದೆ ಅಂದ್ರೆ ಸೋಡಾ ಇಲ್ಲ ಅಂತ ಅಷ್ಟೇ" ಅಂದಳು ಯಾಕಮ್ಮ, ತನಗೇ ಹೇಳ್ಕೊಳ್ಳೋ ಹಾಗೆ. "ಆಸಿಡ್ ಇದೆ ಅಂತ ಯಾಕೆ ಆಗ್ಬೇಕು?" ಆಮೇಲೆ ಕೈ ಚಾಚಿದಳು. "ಸೋಡಾ ಪುಡಿ ಕೊಡಿ."

ಒಂದೊಂದು ಚಮಚ ಹಾಕಿ ಲೋಟಕ್ಕೆ ಕಿವಿ ಇಟ್ಟಳು. ಮೊದಲನೇದು ಬುಸ್ಸ್. ಎರಡನೇದು ಬುಸ್ಸ್. ಮೂರನೇದು... ಕಿವಿ ಇನ್ನೂ ಒತ್ತಿದಳು. ಏನೂ ಇಲ್ಲ.

"ಇದು ಬರೀ ನೀರು. ಮೇಡಂ, ನೀವು ಮೋಸ ಮಾಡಿದ್ರಿ!"

ಹಾಲ್ ಎದ್ದು ಕುಣೀತು. ದೊಡ್ಡ ಮೇಡಂ ಕೂಡ ನಕ್ಕರು. ಪೆನ್ ತೆಗೆದು, ನನ್ನ ಕಡೆ ತಿರುಗಿದರು. "ವಾರಕ್ಕೊಂದು ದಿನ ಲ್ಯಾಬಲ್ಲಿ ನೀವು ಜೊತೆಗಿರಬೇಕು. ಬಾಟಲಿ ಅದಲುಬದಲಾದರೆ ಮೂಸಿಯೇ ಹಿಡಿಯೋರು ನೀವು, ನಿಮ್ಮ ಮೂಗಿನ ವಿಷಯ ಸೆಕ್ರೆಟರಿ ಹೇಳಿದಾರೆ. ಆ ಧೈರ್ಯದ ಮೇಲೆ ಸಹಿ ಹಾಕ್ತೀನಿ."

ಹೂಂ ಅಂದಿದ್ದರೆ ಆಗ್ತಿತ್ತು. ಗ್ಲಿಸರಿನ್ ನೆನಪಾಯ್ತು. ಈ ಹುಡುಗಿಯ ಪಕ್ಕ ನಿಂತು ಆ ಸುಳ್ಳು ಹೇಳೋದು ಹೇಗೆ?

"ನನಗೆ ವಾಸನೆ ಬರಲ್ಲ ಮೇಡಂ. ವರ್ಷದ ಮೇಲಾಯ್ತು." ಇವರ ಕಡೆ ನೋಡಲಿಲ್ಲ. ನೋಡಕ್ಕೆ ಆಗಲಿಲ್ಲ.

ಮೇಡಂ ಪೆನ್ ಹಾಗೇ ನಿಂತಿತು.

"ಮೂಗು ನಾನು ತರ್ತೀನಿ" ಅಂದಳು ಯಾಕಮ್ಮ. "ಮಿಸ್ ಕಣ್ಣು ತಂದ್ರೆ ಸಾಕು."

ಮೇಡಂ ಅವಳನ್ನೇ ನೋಡಿದರು, ನನ್ನ ನೋಡಿದರು. ಸಹಿ ಹಾಕಿದರು.

ಬಸ್ಸಲ್ಲಿ ಇವರು ಟಿಕೆಟ್ ತಗೊಂಡು, ಬ್ಯಾಗ್ ತೊಡೆ ಮೇಲಿಟ್ಟುಕೊಂಡರು. ಆಮೇಲೆ, "ಗೊತ್ತಿತ್ತು" ಅಂದರು.

"ಯಾವಾಗಿಂದ?"

"ಮೂರನೇ ಸಲ ಹಾಲು ಸೀದಾಗಿನಿಂದ. ಸೀದ ಹಾಲಿನ ಪಕ್ಕವೇ ಹಾಯಾಗಿ ನಿಂತಿದ್ದೆ ನೀನು."

ಅದಕ್ಕೇ ಬಾಗಿಲಲ್ಲಿ. ದಿನಾ. ನಾನು ಬೈದಷ್ಟೂ ಅಲ್ಲೇ. "ಕೇಳಬಾರದಿತ್ತಾ?" ಅಂದೆ.

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಮೂಗಿಗೆ ತೋರಿಸು ಅಂದಿದ್ದೂ ಅದಕ್ಕೇ."

ಬಸ್ಸಲ್ಲಿ ಜನ ಇದ್ದರು. ಇದ್ದರೆ ಇರಲಿ ಅಂತ ಕೈ ಹಿಡ್ಕೊಂಡೆ.

ಜುಲೈ 21, ಸೋಮವಾರ, ಬೆಳಿಗ್ಗೆ 6.50

ಅಡುಗೆಮನೆಯಲ್ಲೇ ಕೂತು ಬರೀತಿದೀನಿ. ಹಾಲು ಒಲೆ ಮೇಲಿದೆ. ಇವರಿಗೆ ಒಳಗೇ ಒಂದು ಸ್ಟೂಲ್ ಹಾಕಿಕೊಟ್ಟಿದೀನಿ, ಪೇಪರ್ ಓದ್ತಿದ್ದಾರೆ. ಶನಿವಾರ ಮೊದಲನೇ ಲ್ಯಾಬ್. ಯಾಕಮ್ಮನ ಆರ್ಡರ್ ಪ್ರಕಾರ — ಎಲ್ಲ ಬಾಟಲಿಗೂ ಬ್ರೈಲ್ ಲೇಬಲ್. ಗ್ಲಿಸರಿನ್ ಬೇರೆ ಶೆಲ್ಫಿಗೆ. ಸೋಡಾ ಪುಡಿ ಅರ್ಧ ಕಿಲೋ. ಆಮೇಲೆ ಇನ್ನೇನೋ ಹೇಳಿದ್ದಳಲ್ಲ... ಇವರು ಪೇಪರ್ ಇಳಿಸಿ ಮೂಗೆತ್ತಿದರು. "ಏ, ಹಾಲು—