ಬೆಕ್ಕು ಒಯ್ದ ಊಟದ ಕರೆ

ಸಾಲಿಗ್ರಾಮ, 1956

ಸಭೆಯಲ್ಲಿ ಆಸೀನರಾಗಿರುವ ಮಹನೀಯರೇ, ಮಹಿಳೆಯರೇ, ಮಾರ್ಜಾಲಪ್ರಿಯರೇ, ಮತ್ತು ಇದನ್ನು ಎಂದೂ ಓದದ ನನ್ನ ಹೆಂಡತಿ ಸರ್ವಮಂಗಳಾ,

ಬೆದರಿದ ಬೆಕ್ಕನ್ನು ಸಮಾಧಾನಪಡಿಸುವ ಬಗೆಯನ್ನು ಕುರಿತು ನಾಲ್ಕು ಮಾತು.

ನಿನ್ನನ್ನು ಹೂವು ಕಟ್ಟಿದ ವಿಮಾನದಲ್ಲಿ ಕೂರಿಸಿ ಮಣ್ಣಿಗೆ ಹೊತ್ತ ದಿನ, ತಮಟೆಯ ಸದ್ದಿಗೆ ನಿನ್ನ ಬೆಕ್ಕು ಪುಟ್ಟಿ ಅಡುಗೆಮನೆಯ ಕಣಜದ ಹಿಂದೆ ಸೇರಿಕೊಂಡಿತು. ಕೈ ಚಾಚಿದರೆ ಪರಚುತ್ತಿತ್ತು. ಹೊಟ್ಟೆಗಿಲ್ಲದೆ ಸೊರಗಿತ್ತು. ಹಾಲು ಇಟ್ಟೆ, ಬೆಣ್ಣೆ ಕೊಟ್ಟೆ, ಬಿಂಕ ಬಿಟ್ಟೆ, ಆದರೂ ಕೆಟ್ಟೆ. ಪ್ರಾಸ ಕೂಡಿತು, ಬೆಕ್ಕು ಕೂಡಲಿಲ್ಲ.

ಇವತ್ತು ಮಧ್ಯಾಹ್ನ ಪಕ್ಕದ ಮನೆಯ ವೀರಮ್ಮ ಬಂದು ನೋಡಿದರು.

"ಹಿಂಗೇ ಬುಟ್ರೆ ಸತ್ತೋಯ್ತದೆ ಕಣ್ರೀ ಮೇಷ್ಟ್ರೇ. ಪದ್ಯ ಹೇಳಿದ್ರೆ ಬೆಕ್ಕು ಬತ್ತದಾ? ಆಯಮ್ಮ ಮಾತಾಡುಸ್ತಿದ್ದಂಗೆ ಮಾತಾಡ್ಸಿ," ಎಂದರು.

ಗಂಡನ ಹೆಸರು ಹೇಳಬಾರದೆಂದು, ನನಗೆ ಹೇಳುವುದನ್ನೆಲ್ಲ ನೀನು ಬೆಕ್ಕಿಗೇ ಹೇಳುತ್ತಿದ್ದೆಯಲ್ಲ. ಕಣಜದ ಪಕ್ಕ ಕೂತು, ನಿನ್ನ ದನಿ ಮಾಡಿಕೊಂಡು ಅಂದೆ:

"ಪುಟ್ಟಿ, ಜಗಲೀಲಿ ಕುಂತವ್ರಿಗೆ ಉಣ್ಣಕ್ಕೆ ಬರಕ್ಕೇಳು."

ನಗು ತಡೆಯಲು ವೀರಮ್ಮ ಬಾಯಿಗೆ ಸೆರಗು ಹಿಡಿದರು. ಆಮೇಲೆ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬೆಕ್ಕು ಹೊರಗೆ ಬಂದಿತ್ತು. ಅಲ್ಲೇ ಕೂತಿದ್ದ ನನ್ನನ್ನು ದಾಟಿ ನೇರ ಜಗಲಿಗೆ ಹೋಗಿ, ನನ್ನ ಖಾಲಿ ಕುರ್ಚಿಯ ಎದುರು ನಿಂತು ಕೂಗಿತು. ನಾನು ಹಿಂದೆಯೇ ಹೋಗಿ ಆ ಕುರ್ಚಿಯಲ್ಲಿ ಕೂತೆ. ಅದು ಮತ್ತೆ ಕೂಗಿತು. ಎದ್ದು ಅದರ ಹಿಂದೆ ಒಳಗೆ ಬಂದೆ. ಇಬ್ಬರೂ ಉಂಡೆವು.

ಸಭೆಯೂ ಇಲ್ಲ, ಸಭಿಕರೂ ಇಲ್ಲ, ಮಂಗಳಾ. ಬೆಕ್ಕು ಹೊಟ್ಟೆ ತುಂಬಿ ಮಲಗಿದ ಮೇಲೆ, ವೀರಮ್ಮನೂ ಹೋದ ಮೇಲೆ, ನಿನ್ನ ದನಿಯಲ್ಲಿ ಆ ಮಾತನ್ನು ಇನ್ನೊಮ್ಮೆ ಹೇಳಿಕೊಂಡೆ.